ಚಿಕ್ಕಬೈರಪ್ಪನವರು ನೆಟ್ಟ ಗರಿಕೆ

ಟಾರು ರಸ್ತೆಯ ಮೇಲೂ ಚಿಕ್ಕಬೈರಪ್ಪನವರು ನೇಗಿಲ ಹಿಂದೆ ನಡೆಯುವವರಂತೆಯೇ ನಡೆಯುತ್ತಿದ್ದರು. ಒಂದು ಕಾಲು ಸಾಲಿನೊಳಗೆ, ಇನ್ನೊಂದು ಹೊರಗೆ ಎಂಬಂತೆ ಮೈ ತುಸು ಎಡಕ್ಕೆ ವಾಲುತ್ತಿತ್ತು. ಸುಡುಬೇಸಿಗೆಯಲ್ಲೂ ಬಿಡದ ಕಪ್ಪು ಉಣ್ಣೆಯ ಕೋಟು, ಅದರ ಬಲಜೇಬಿನಲ್ಲಿ ಒಂದು ಗಾಲ್ಫ್ ಚೆಂಡು. ಮಾತು ಕಾವೇರಿದಂತೆ ಕೈ ಜೇಬಿಗಿಳಿದು ಚೆಂಡನ್ನು ಹೊರಳಿಸತೊಡಗುತ್ತಿತ್ತು. ಕೊಡಿಗೇಹಳ್ಳಿಯ ಶಾಲೆಯಲ್ಲಿ ಮೇಷ್ಟರಾಗಿದ್ದ ನನಗೆ, ಅವರು ಶಾಲೆಯ ಜಗಲಿಗೆ ಬಂದು ಕೂತು ಆ ಜೇಬು ಅಲುಗಿದ್ದು ಕಂಡರೆ ಅವತ್ತಿನ ಪಾಠ ಕೆಟ್ಟಿತೆಂದೇ ಲೆಕ್ಕ.

ಚೆಂಡು ಸಿಕ್ಕಿದ್ದು ಅವರು ಪಟ್ಟಣದ ಒಂದು ಗಾಲ್ಫ್ ಕ್ಲಬ್ಬಿಗೆ ಗಾಡಿಯಲ್ಲಿ ಗೊಬ್ಬರ ಹೊಡೆಯುತ್ತಿದ್ದ ಪ್ರಾಯದಲ್ಲಿ. ಗೊಬ್ಬರಕ್ಕೆ ಹಿಂಬಾಗಿಲು ತೆರೆದಿತ್ತು. ಬೇಲಿ ದಾಟಿ ಬಿದ್ದ ಚೆಂಡನ್ನು ಹಿಂದಿರುಗಿಸಲು ಮುಂಬಾಗಿಲಿಗೆ ಹೋದವರನ್ನು ಗೇಟಿನವನು ಅಟ್ಟಿದ. ಆ ಸಿಟ್ಟು ಹಟವಾಗಿ ಬೆಳೆದು, ಐವತ್ತೆಂಟನೇ ಇಸವಿಯಲ್ಲಿ ಹೆಬ್ಬಾಳದ ಕಡೆಯ ತಮ್ಮ ಹುಲ್ಲುಗಾವಲಷ್ಟನ್ನೂ, ಯಾರು ಬೇಕಾದರೂ ಬಂದು ಆಡುವಂಥ ಗಾಲ್ಫ್ ಮೈದಾನಕ್ಕೆಂದು ನಗರಕ್ಕೆ ದಾನ ಕೊಡಲು ಹೊರಟುನಿಂತರು.

"ಗೇಟು ಇರ್ಬಾರ್ದು ಕಣ್ರೀ ಮೇಷ್ಟ್ರೇ. ಅಷ್ಟೇ ನನ್ ಷರತ್ತು."

ಕಾರ್ಪೊರೇಷನ್ನಿನ ಅಧಿಕಾರಿಗಳು ಜಾಗ ನೋಡಲು ಬಂದ ದಿನ ನನಗೂ ನಿಂತಲ್ಲಿ ನಿಲ್ಲಲಾಗದ ಉತ್ಸಾಹ. ಹೋಗಿ ನೋಡಿದರೆ ಹುಲ್ಲೇ ಇಲ್ಲ. ನೆಲವಷ್ಟೂ ಕೆಂಪಗೆ ಉತ್ತು ಬಿದ್ದಿದೆ. ಬೀಳುನೆಲವನ್ನು ಹಾಗೇ ಪರರ ಕೈಗೊಪ್ಪಿಸುವುದು ಅವರ ಮನೆತನಕ್ಕೆ ಅವಮಾನವಂತೆ. ಊರಿನ ಎತ್ತುಗಳನ್ನೆಲ್ಲ ಹೂಡಿಸಿ, ಹದಮಾಡಿಸಿ, ಪುಣ್ಯಾತ್ಮರು ಹೆಮ್ಮೆಯಿಂದ ಬದುವಿನ ಮೇಲೆ ನಿಂತಿದ್ದರು.

ಹಿರಿಯ ಅಧಿಕಾರಿ ತಲೆಯ ಮೇಲೆ ಕೈಹೊತ್ತರು. "ಹುಲ್ಲಿಲ್ದೆ ಗಾಲ್ಫ್ ಹೆಂಗ್ರೀ ಯಜಮಾನ್ರೇ? ದೀಪಾವಳಿ ಹೊತ್ತಿಗೆ ಹುಲ್ಲು ಬಂದಿದ್ರೆ ತಗೋತೀವಿ. ಇಲ್ಲಾಂದ್ರೆ ಈ ವಿಷಯ ಬಿಟ್ಬಿಡಿ."

ಚಿಕ್ಕಬೈರಪ್ಪನವರ ಮುಖ ಸಪ್ಪಗಾಯಿತು. ಆದರೆ ಜೇಬು ಅಲುಗತೊಡಗಿತ್ತು.

ಮರುದಿನವೇ ಅವರ ಹೆಂಡತಿ ಗಂಗರತ್ನಮ್ಮ ಊರ ಹೆಂಗಸರನ್ನೆಲ್ಲ ರಾಗಿಹೊಲಗಳಿಗೆ ಇಳಿಸಿದರು. ಕಳೆಯೆಂದು ತಲೆತಲಾಂತರದಿಂದ ಬೈದು ಕಿತ್ತೆಸೆದ ಗರಿಕೆ ಈಗ ಮಂಕರಿಗಳಲ್ಲಿ ಉತ್ತ ನೆಲದ ಕಡೆಗೆ ಮೆರವಣಿಗೆ ಹೊರಟಿತು. "ಇದ್ನ ಕಿತ್ತೂ ಕಿತ್ತೂ ನನ್ ಸೊಂಟ ಬಿತ್ತು, ಈಗ ಉಲ್ ನೆಡು ಅಂತೀರಲ್ಲ, ನಿಮ್ಗೇನ್ ಬಂತು ದೊಡ್ರೋಗ?" ಎಂದು ಗಂಡನ ಮೇಲೆ ರೇಗುತ್ತಲೇ ಆಕೆ ಎಲ್ಲರಿಗಿಂತ ಮುಂದೆ ನೆಟ್ಟರು. ನಾನೂ ಪಂಚೆ ಎತ್ತಿಕಟ್ಟಿ ಇಳಿದೆ. ಆಷಾಢದ ಸೋನೆ ಹಿಡಿಯಿತು. ಮೊದಲ ಕುಡಿ ಹಬ್ಬಿದ್ದು ಕಂಡ ದಿನ ಇಡೀ ಊರು ಕುಣಿಯುವುದೊಂದು ಬಾಕಿ.

ದೀಪಾವಳಿಗೆ ಬಂದ ಅಧಿಕಾರಿಗಳು ಹಸಿರಿನ ಮೇಲೆ ಬೂಟು ಬಿಚ್ಚಿ ಬರಿಗಾಲಲ್ಲಿ ನಡೆದರು. ದಾನಕ್ಕೂ ಒಪ್ಪಿದರು, ಗೇಟಿಲ್ಲದ ಷರತ್ತಿಗೂ ಒಪ್ಪಿದರು. ಪತ್ರಕ್ಕೆ ಹೆಬ್ಬೆಟ್ಟು ಒತ್ತಿದೊಡನೆ ಚಿಕ್ಕಬೈರಪ್ಪನವರು ಹುಲ್ಲಿನಿಂದ ಹೊರಗೆ ಬಂದು, ದಾರಿಯಲ್ಲಿ ನಿಂತು, ಚೆಂಡನ್ನು ಅಂಗೈ ಮೇಲಿಟ್ಟು ಕೇಳಿದರು:

"ಸ್ವಾಮಿ, ಈಗ ಇದು ನಿಮ್ದು. ನಾನ್ ಒಳೀಕ್ ಬರ್ಬೌದಾ?"

ಹಿರಿಯ ಅಧಿಕಾರಿ ತಾವೇ ಹೋಗಿ ಕೈಹಿಡಿದು ಕರೆತಂದರು. ನನ್ನ ಕಣ್ಣು ತುಂಬಿತ್ತು.

ದಾನಿಗಳನ್ನು ನಾನು ಬಹಳ ನೋಡಿದ್ದೇನೆ. ಕೊಟ್ಟ ಮೇಲೂ ಕಲ್ಲಿನಲ್ಲಿ ಹೆಸರು ಕೆತ್ತಿಸಿ ಅಲ್ಲೇ ಯಜಮಾನರಾಗಿ ಉಳಿಯುವವರೇ ಹೆಚ್ಚು. ಇಂಥವರ ಬಗೆಯೇ ಬೇರೆ. ಎಲ್ಲರ ಜೊತೆಗೆ, ಎಲ್ಲರಂತೆ, ಒಮ್ಮೆ ಒಳಗೆ ಬರಬೇಕೆಂಬ ಒಂದೇ ಆಸೆಗೆ ತಮ್ಮದೆಲ್ಲವನ್ನೂ ಕೊಟ್ಟುಬಿಡುತ್ತಾರೆ.