ಖಾಲಿ ಸಭಾಂಗಣದ ಬಾಗಿಲು ತಟ್ಟುವವನು

ಒಳಗೆ ಯಾರೂ ಇಲ್ಲವೆಂದು ಗೊತ್ತಿದ್ದೂ ಎವರಿಸ್ತೊ ದಿನಾ ಬೆಳಿಗ್ಗೆ ಬಾಗಿಲು ತಟ್ಟುತ್ತಿದ್ದ. ಊರಿನ ಹಳೆಯ ಪೌರಭವನದ ಕಾವಲುಗಾರ ಅವನು. ಬೀಗದ ಕೈ ಅವನ ಸೊಂಟದಲ್ಲೇ ಇರುತ್ತಿತ್ತು. ಆದರೂ ಎಡಗಾಲನ್ನು ತುಸು ಎಳೆಯುತ್ತ ಮೆಟ್ಟಿಲು ಹತ್ತಿ, ಮೊಣಕೈ ಬಳಿ ಸವೆದು ಹೊಳಪೇರಿದ ಬೂದು ಕೋಟನ್ನು ಜಗ್ಗಿ ಸರಿಪಡಿಸಿಕೊಂಡು, ಟೋಪಿ ತೆಗೆದು, ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿ, ಒಂದು ಉಸಿರು ಕಾದು, ಆಮೇಲೆಯೇ ಸಭಾಂಗಣದ ಬೀಗ ತೆಗೆಯುವನು.

"ಒಳಗಿಂದ ಯಾರಾದ್ರೂ ಬಾ ಅಂದ್ರೇನೋ?" ಎಂದು ಚೌಕದ ಕ್ಷೌರಿಕ ನೆಲ್ಲೊ ಕೆಣಕುತ್ತಿದ್ದ.

"ಇನ್ನೂ ಇಲ್ಲ. ಅವರು ನಿನ್ನ ಹಾಗೆ ಬಾಯಿಬಡುಕರಲ್ಲ."

ಅವರೆಂದರೆ, ಏಳುನೂರು ವರ್ಷಗಳ ಹಿಂದೆ ಆ ಕಲ್ಲಿನ ಭವನದಲ್ಲಿ ಕೂತು ಊರಾಳಿದವರು. ಉಣ್ಣೆ ವ್ಯಾಪಾರಿ, ಚಮ್ಮಾರ, ಅಕ್ಕಸಾಲಿ ಎನ್ನದೆ ಚೀಟಿಯೆತ್ತಿ ಆರಿಸಿ, ಯಾರೂ ಕಿವಿಯೂದದಿರಲೆಂದು ಎರಡು ತಿಂಗಳು ಅವರನ್ನು ಒಳಗಿಟ್ಟು ಬೀಗ ಹಾಕುತ್ತಿದ್ದರು. ಊಟ, ನಿದ್ದೆ, ನ್ಯಾಯ ಎಲ್ಲವೂ ಅಲ್ಲೇ. ಹೆಂಡಿರು ಕೆಳಗೆ ಚೌಕದಲ್ಲಿ ನಿಂತು ಕೂಸನ್ನು ಎತ್ತಿ ತೋರಿಸುತ್ತಿದ್ದರಂತೆ. ಆಮೇಲೆ ಭವನ ಸೆರೆಮನೆಯಾಯಿತು, ಕಾಳಿನ ಉಗ್ರಾಣವಾಯಿತು, ಕೊನೆಗೆ ನಗರಸಭೆಯ ಕಚೇರಿಯಾಯಿತು. ಎವರಿಸ್ತೊನ ಪಾಲಿಗೆ ಮಾತ್ರ ಅವರಿನ್ನೂ ಒಳಗಿದ್ದರು. "ಮನೆ ಬಿಟ್ಟು ನಮಗೋಸ್ಕರ ಕೂತವರು. ದಡಕ್ಕನೆ ನುಗ್ಗೋದು ಚೆನ್ನಾಗಿರಲ್ಲ" ಎನ್ನುವನು.

ಹೆಂಡತಿ ಚೆಜಿರಾಗೆ ಇದೆಲ್ಲ ಹಿಡಿಸದು. ದಿನವೂ ಮುಂಜಾನೆಯ ಪೂಜೆಗೆ ಇಗರ್ಜಿಗೆ ಹೋಗುವ ಅವಳಿಗೆ ಪೌರಭವನವೆಂದರೆ ತೆರಿಗೆ ಕಟ್ಟುವ ಜಾಗ. ಮಗಳು ಲೊರೆದಾನಾ, ತನ್ನ ಮದುವೆ ಇಗರ್ಜಿಯಲ್ಲಲ್ಲ, ಅದೇ ಸಭಾಂಗಣದಲ್ಲಿ ನಗರಾಧ್ಯಕ್ಷರ ಮುಂದೆ ಎಂದಾಗ ಚೆಜಿರಾ ಲಟ್ಟಿಸುತ್ತಿದ್ದ ಹಿಟ್ಟನ್ನು ಹಾಗೆಯೇ ಬಿಟ್ಟಳು.

"ಪಾದ್ರಿ ಇಲ್ಲದ ಮದುವೆಗೆ ನಾನು ಬರಲ್ಲ."

ಅಂದಿನಿಂದ ತಾಯಿ ಮಗಳ ನಡುವೆ ಮಾತು ನಿಂತಿತು.

ಎವರಿಸ್ತೊ ವಾದಿಸುವವನಲ್ಲ. ಮದುವೆಯ ಬೆಳಿಗ್ಗೆ, ಬೆರಳು ಬಗ್ಗದ್ದರಿಂದ ಕೋಟಿನ ಗುಂಡಿ ಹಾಕಿಸಿಕೊಳ್ಳಲು ಎಂದಿನಂತೆ ಅವಳೆದುರು ನಿಂತ.

"ಅಲ್ಲಿ ದೇವರೆಲ್ಲಿದ್ದಾನ್ರೀ? ಮೊಹರು ಇದೆ, ಅಷ್ಟೇ" ಎಂದಳು ಚೆಜಿರಾ, ತಲೆಯೆತ್ತದೆ.

"ಗೋಡೆ ಮೇಲೆ ಮರಿಯಾ ಮಾತೆ ಇದ್ದಾಳಲ್ಲ. ಆ ಹಿರಿಯರು ಪ್ರಮಾಣ ಮಾಡ್ತಿದ್ದದ್ದು ಅವಳ ಮುಂದೇನೆ. ಈಗ ಯಾರೂ ದೀಪ ಹಚ್ಚಲ್ಲ. ನೀನು ಬಂದ್ರೆ ಅವಳಿಗೂ ಒಬ್ಬ ತಾಯಿ ಜೊತೆಯಾಗ್ತಾಳೆ."

ಅಷ್ಟು ಹೇಳಿ ಹೊರಟುಹೋದ.

ಚೆಜಿರಾ ಮೆಟ್ಟಿಲು ಹತ್ತಿ ಬಂದಾಗ ಸಭಾಂಗಣದ ಬಾಗಿಲು ಮುಚ್ಚಿತ್ತು. ತಳ್ಳಿದರೆ ತೆರೆದುಕೊಳ್ಳುತ್ತಿತ್ತು. ಅವಳು ತಲೆವಸ್ತ್ರ ಸರಿಮಾಡಿಕೊಂಡು, ಮೆಲ್ಲಗೆ ತಟ್ಟಿ, ಒಂದು ಉಸಿರು ಕಾದಳು. ಒಳಗೆ ಕಾಲೆಳೆಯುವ ಹೆಜ್ಜೆ ಹತ್ತಿರವಾಯಿತು.

"ಬಾ" ಎಂದ ಎವರಿಸ್ತೊ.

ಮುಂದಿನ ಸಾಲಿನ ಒಂದು ಕುರ್ಚಿಯ ಮೇಲೆ ಅವನ ಟೋಪಿಯಿತ್ತು. ಅವನು ಅದನ್ನು ತೆಗೆದುಕೊಂಡ, ಅವಳು ಕೂತಳು. ಲೊರೆದಾನಾ ಹಿಂತಿರುಗಿ ನೋಡಿ, ಅದುವರೆಗೆ ತಾನೇ ತಡೆದು ನಿಲ್ಲಿಸಿದ್ದ ನಗರಾಧ್ಯಕ್ಷರಿಗೆ "ಈಗ ಶುರು ಮಾಡಿ" ಎಂದಳು.

ಇಲ್ಲದವರಿಗೂ ಮರ್ಯಾದೆ ಸಲ್ಲಿಸುವ ಇಂಥವರನ್ನು ಕಂಡು ಊರು ನಗುತ್ತದೆ. ಆದರೆ ಬರುವುದಿಲ್ಲವೆಂದು ಹೇಳಿದವರಿಗೂ ಒಂದು ಜಾಗ ಹಿಡಿದಿಟ್ಟು ಕಾಯುವವರು ಇವರೇ. ತೀರಿಹೋದವರ ಮನೆಗೂ ಇರುವವರ ಮನೆಗೂ ಇವರ ಕೈಯಲ್ಲಿ ಒಂದೇ ಬೀಗದ ಕೈ.