ಯಮನೂರಪ್ಪನ ಆಣೆ

"ನೀ ಇದ್ದರೂ ಹೇಳೂದಿಲ್ಲ, ಇಲ್ಲದಿದ್ದರೂ ಹೇಳೂದಿಲ್ಲ. ಯಮನೂರಪ್ಪನ ಆಣಿ," ಎಂದು ರಸೂಲಸಾಬ, ಇಬ್ಬರೂ ನಡೆದುಕೊಳ್ಳುವ ದರ್ಗಾದ ಹೆಸರಲ್ಲಿ, ಗೆಳೆಯ ಕಂಠೆಪ್ಪನ ಕೈಮೇಲೆ ಕೈಯಿಟ್ಟು ಮಾತು ಕೊಟ್ಟು ಒಂದೂವರೆ ವರ್ಷವಾಗಿತ್ತು. ಈಗ ಅದೇ ಗೆಳೆಯನ ಹೆಣವನ್ನು ಗೋವಾದ ಕಲಂಗುಟ್‌ನ ಬಾಡಿಗೆ ಖೋಲಿಯ ಮುಂದೆ ಹಲಗೆಯ ಮೇಲೆ ಕೂರಿಸಿ, ವಾಲದಂತೆ ಅದರ ಬೆನ್ನಿಗೆ ಭುಜ ಕೊಟ್ಟು ಕೂತಿದ್ದ. ಮೈ ತೊಳೆದ ಮೇಲೆ ಟೆಂಪೋದಲ್ಲಿ ಬಾದಾಮಿ ಕಡೆಯ ಊರಿಗೆ ಒಯ್ದು ಮಣ್ಣು ಮಾಡಬೇಕು. ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು ನೀರು ಸುರಿಯುತ್ತಿದ್ದರು.

ಖಾನಾವಳಿಯ ಭಾಗವ್ವ ಕೊಡ ಹೊತ್ತು ಬಂದಾಗ ಸತ್ತವನ ತಮ್ಮ ದೇವು ಅಡ್ಡ ನಿಂತ.

"ಅಲ್ಲೇ ನಿಂದ್ರು. ನಿನ್ನ ನೀರು ನಮ್ಮಣ್ಣಗ ಬ್ಯಾಡ."

"ಯಾಕೋ ತಮ್ಮಾ?"

"ಕೇಳ್ತಾಳ ನೋಡ್ರಿ! ಮಧ್ಯಾಹ್ನ ನಿನ್ನ ಕೈಯಾಗ ಉಣ್ಣಾಕ ಹತ್ತಿದ ಮ್ಯಾಲೇ ಅಂವ ಒಣಗಿ ಕಟಗಿ ಆದ. ಗಿರಾಕಿ ತಪ್ಪಬಾರದಂತ ಅನ್ನದಾಗ ಮದ್ದು ಹಾಕೀದಿ."

"ಅರವತ್ತು ಮಂದಿ ಉಂತಾರಪಾ ನನ್ನಲ್ಲಿ. ನೀನೂ ಉಂಡಿ. ನಿನಗ ಹಾಕೂದು ಮರತೆನೇನು?"

ಯಾರೋ ಕಿಸಕ್ಕೆಂದು ನಕ್ಕು ಸುಮ್ಮನಾದರು. ಕಂಠೆಪ್ಪನ ಹೆಂಡತಿ ಯಲ್ಲವ್ವ ನಗಲಿಲ್ಲ.

"ಹಂಗಾರ ಹೆಣದ ತಲಿ ಮುಟ್ಟಿ ಆಣಿ ಮಾಡು ಭಾಗವ್ವಾ. ಇಲ್ಲಾ, ಈ ಓಣಿ ಬಿಟ್ಟು ಹೋಗು."

ಹೆಣ ಮುಟ್ಟಿ ಆಣೆ ಮಾಡಿದವರು, ಖರೇ ಹೇಳಿದ್ದರೂ ವರ್ಷ ದಾಟುವುದಿಲ್ಲವೆಂದು ಊರ ಕಡೆಯ ನಂಬಿಕೆ. ಭಾಗವ್ವ ಹಿಂಜರಿದಳು. ಹಿಂಜರಿದದ್ದನ್ನು ಎಲ್ಲರೂ ನೋಡಿದರು.

*

ಒಂದೂವರೆ ವರ್ಷದ ಹಿಂದೆ, ಇಬ್ಬರೂ ಹೋಟೆಲ್ ಕಟ್ಟಡದ ಗೋಡೆಗಳಿಗೆ ಸಿಮೆಂಟಿನ ಗಿಲಾವು ಮಾಡುತ್ತಿದ್ದ ದಿನಗಳವು. ಕಂಠೆಪ್ಪ ದಿನಕ್ಕೆ ನಾಲ್ಕೈದು ಸಲ ಕೆಲಸ ನಿಲ್ಲಿಸಿ ಗೇರುಗಿಡಗಳ ಕಡೆ ಹೋಗುತ್ತಿದ್ದ. ಬೀಡಿ ಸೇದಲಿಕ್ಕೇ ಹೋಗುತ್ತಾನೆಂದು ಆಳುಗಳ ಮೇಲಿನ ಮುಕಾದಮನಿಗೆ ಗುಮಾನಿ; ನೋಡಿ ಬಾ ಎಂದು ರಸೂಲಸಾಬನನ್ನೇ ಕಳಿಸಿದ. ಚಿರೆಕಲ್ಲಿನ ಕೆಂಪು ನೆಲದಲ್ಲಿ ರಕ್ತ ಎದ್ದು ಕಾಣುವುದಿಲ್ಲ. ಒಣಗಿದ ಗೇರೆಲೆಯ ಮೇಲೆ ಕಂಡಿತು.

"ಮೂಲವ್ಯಾಧಿ ಲೇ, ಉಷ್ಣ ಆಗೇತಿ," ಎಂದ ಕಂಠೆಪ್ಪ. "ಹೋಗಿ ಬಂದರೂ ಮತ್ತ ಹೋಗಬೇಕು ಅನಸ್ತೈತಿ. ಯಲ್ಲವ್ವಗ ಹೇಳಬ್ಯಾಡ. ಆಕಿ ಊರಿಗೆ ಎಳಕೊಂಡು ಹೊಕ್ಕಾಳ."

ಆವತ್ತೇ ಆಣೆ ಮಾಡಿದ ರಸೂಲಸಾಬ ಹೇಳಲಿಲ್ಲ. ಗೆಳೆಯ ಸಡಿಲಾದ ಪ್ಯಾಂಟಿಗೆ ಸುತಳಿ ಬಿಗಿದುಕೊಂಡಾಗಲೂ ಹೇಳಲಿಲ್ಲ. ಒಂದು ಮಹಡಿ ಹತ್ತಿ ಏದುಸಿರು ಬಿಟ್ಟಾಗಲೂ ಇಲ್ಲ. ಯಲ್ಲವ್ವ ಗಂಡನನ್ನು ಮದ್ದು ಕಕ್ಕಿಸುವವನ ಹತ್ತಿರ ಎರಡು ಸಲ ಒಯ್ದಳು. ದೊಡ್ಡಾಸ್ಪತ್ರೆ ಸೇರುವ ಹೊತ್ತಿಗೆ ಹೊಟ್ಟೆಯೊಳಗಿನ ಗಂಟು ಕೈಗೆ ಸಿಗುತ್ತಿತ್ತು.

ಕೊಂಕಣಿ ಬರುತ್ತದೆಂದು ಡಾಕ್ಟರ ಮುಂದೆ ನಿಂತವನೂ ರಸೂಲಸಾಬನೇ. ಕರುಳಿನ ಕ್ಯಾನ್ಸರ್, ಮೊದಲ ಸಲ ರಕ್ತ ಕಂಡಾಗಲೇ ಬಂದಿದ್ದರೆ ಉಳಿಸಬಹುದಿತ್ತೇನೋ ಎಂದರು. ಒಡಹುಟ್ಟಿದವರೂ ಪರೀಕ್ಷೆ ಮಾಡಿಸಿಕೊಳ್ಳಲಿ ಎಂದರು. ಅವನು ಯಲ್ಲವ್ವನಿಗೆ "ಕರುಳಾಗ ಗಂಟೈತಿ" ಎಂದಷ್ಟೇ ಹೇಳಿದ. ಉಳಿದದ್ದನ್ನು ಹೇಳಹೋದರೆ ರಕ್ತದ ಮಾತು ಬರುತ್ತಿತ್ತು. ನಿನಗೆ ಯಾವಾಗಿನಿಂದ ಗೊತ್ತು ಎಂಬ ಮಾತೂ ಬರುತ್ತಿತ್ತು.

*

ಭಾಗವ್ವ ಕೊಡ ಇಳಿಸಿ ಹೆಣದ ತಲೆಯತ್ತ ಕೈ ಚಾಚಿದಳು.

"ನೋಡ್ರಿ, ಎಷ್ಟು ಹೊತ್ತು ಬೇಕಾತು ಈಕಿಗೆ!" ಎಂದ ದೇವು.

"ಮುಟ್ಟಬ್ಯಾಡ ಅಕ್ಕಾ." ಹೆಣದ ಬೆನ್ನ ಹಿಂದಿನಿಂದ ರಸೂಲಸಾಬನ ದನಿ ಬಂತು. "ಮದ್ದೂ ಅಲ್ಲ, ಏನೂ ಅಲ್ಲ. ಒಂದೂವರಿ ವರ್ಷದಿಂದ ಇವಗ ರಕ್ತ ಬೀಳತಿತ್ತು. ನಾ ಕಣ್ಣಲೆ ನೋಡೇನಿ. ಕ್ಯಾನ್ಸರ್ ಅಂದಿದ್ರು ಡಾಕ್ಟರ."

"ಆಕೀನ್ನ ಉಳಸಾಕ ಕತಿ ಕಟ್ಟಾಕತ್ತಾನ," ಎಂದಿತು ಹಿಂದಿನಿಂದೊಂದು ದನಿ.

ಯಲ್ಲವ್ವ ಅವನನ್ನೇ ನೋಡಿದಳು. "ನಿನಗ ಗೊತ್ತಿತ್ತು?"

"ಹೌದವಾ."

"ಮದ್ದು ಕಕ್ಕಸಾಕ ಹೊಂಟಾಗ ಬಸ್ಸಿಗೆ ಹತ್ತಿಸಿ ಹೋದಾಂವ ನೀನ. ಆವಾಗೂ ಗೊತ್ತಿತ್ತು?"

"ಗೊತ್ತಿತ್ತು."

ದೇವು ಹೆಣಕ್ಕೆ ಆಸರೆ ಕೊಡುವವನಂತೆ ಬಂದು ರಸೂಲಸಾಬನ ಪಕ್ಕ ಕುಕ್ಕರಿಸಿದ.

"ಅಣ್ಣಾ," ಎಂದು ಪಿಸುಗುಟ್ಟಿದ, "ಕೆಂಪು ಹೋಗತಿತ್ತೋ, ಕರೀದೋ?"

ರಸೂಲಸಾಬ ಅವನ ಮುಖ ನೋಡಿದ. ಕೆನ್ನೆ ಯಾವಾಗ ಇಳಿದಿತ್ತೋ, ಗಮನಿಸಿರಲಿಲ್ಲ.

"ನಿನಗ ಎಷ್ಟು ದಿನ ಆತು?"

"ದೀಪಾವಳಿಯಿಂದ. ನನಗೂ ಆಕೀನ ಹಾಕ್ಯಾಳ ಅಂತ ತಿಳಕೊಂಡಿದ್ದೆ. ಯಾರ ಮುಂದೂ ಅನಬ್ಯಾಡೋ ಯಣ್ಣಾ, ಕೈ ಮುಗೀತೀನಿ."

"ಯಲ್ಲವ್ವಾ!" ರಸೂಲಸಾಬನ ದನಿ ಓಣಿಗೆಲ್ಲ ಕೇಳಿತು. "ದೇವೂಗೂ ರಕ್ತ ಬೀಳಾಕತ್ತೈತಂತ!"

ಯಲ್ಲವ್ವ ಒದ್ದೆ ಕೈಯಲ್ಲೇ ಬಂದು ಮೈದುನನ ಕೊರಳಪಟ್ಟಿ ಹಿಡಿದು ಎಬ್ಬಿಸಿದಳು.

"ಇಂವ ಮಣ್ಣಿಗೆ ಬರೂದು ಬ್ಯಾಡ. ಸಾಬಾ, ಈಗಿಂದೀಗ ದವಾಖಾನಿಗೆ ಕರಕೊಂಡು ನಡಿ. ನಿನ್ನ ಕೂಡ ಮಾತು ನನಗ ಆಮ್ಯಾಲೆ ಐತಿ."

ರಸೂಲಸಾಬ ಏಳುವಂತಿರಲಿಲ್ಲ, ಎದ್ದರೆ ಹೆಣ ವಾಲುತ್ತಿತ್ತು. ಭಾಗವ್ವ ಸೆರಗು ಸಿಕ್ಕಿಸಿ, ಅವನ ಪಕ್ಕದಲ್ಲಿ ಮಂಡಿಯೂರಿ, ಕಂಠೆಪ್ಪನ ಬೆನ್ನಿಗೆ ತನ್ನ ಭುಜ ಕೊಟ್ಟಳು. ಯಾರೂ ಬೇಡವೆನ್ನಲಿಲ್ಲ.

ರಸೂಲಸಾಬ ಎದ್ದ. ಕಂಠೆಪ್ಪನಿಗೆ ಕೊಟ್ಟ ಮಾತನ್ನು ಅವನು ಮುರಿದಿದ್ದ.