ಹುಲಿಗೆಮ್ಮನ ಮುಯ್ಯಾಳು

ಹುಲಿಗೆಮ್ಮ ಬಂದು ಅಡುಗೆಮನೆಯ ಬೀಗದ ಕೈಯನ್ನು ಮೇಜಿನ ಮೇಲೆ ಇಟ್ಟಾಗ ಹೆಡ್‌ಮೇಷ್ಟ್ರು ಶಿವಯೋಗಿ ಗಣಿತದ ಪೇಪರು ತಿದ್ದುತ್ತಿದ್ದರು. ತಲೆ ಎತ್ತಲಿಲ್ಲ.

"ಎಣ್ಣೆ ಖಾಲಿ ಆಯ್ತಾ ಹುಲಿಗೆಮ್ಮಾರೆ?"

"ಎಣ್ಣೆ ಐತೆ ಸಾರ್. ನಾನೇ ಖಾಲಿ ಆದೆ. ಸೋಮವಾರದಿಂದ ಬರಲ್ಲ."

ಮೇಷ್ಟ್ರ ಕೆಂಪು ಪೆನ್ನು ಗಕ್ಕನೆ ನಿಂತಿತು. ಬಳ್ಳಿಗಾವಿ ಪಕ್ಕದ ಆ ಶಾಲೆಯಲ್ಲಿ ಅರವತ್ತೊಂದು ಮಕ್ಕಳು. ಹನ್ನೊಂದು ವರ್ಷದಿಂದ ಮಧ್ಯಾಹ್ನದ ಬಿಸಿಯೂಟ ಬೇಯಿಸಿ ಬಡಿಸುತ್ತಿದ್ದವಳು ಹುಲಿಗೆಮ್ಮ. ಜತೆಗಿದ್ದ ಶೇಷಮ್ಮ ಮಗಳ ಬಾಣಂತನಕ್ಕೆಂದು ಹೋದಮೇಲೆ ಒಲೆಗೂ ಅವಳೇ, ಪಾತ್ರೆಗೂ ಅವಳೇ.

"ಏನಾಯ್ತು ಮಾರಾಯ್ತಿ? ಯಾರಾದ್ರೂ ಏನಾದ್ರೂ ಅಂದ್ರಾ?"

"ಯಾರೂ ಅಂದಿಲ್ಲ. ಒಂದು ಲೆಕ್ಕ ಹೇಳ್ತೀನಿ, ನೀವೇ ಬಿಡಿಸ್ರಿ. ಇಲ್ಲಿ ನಂಗೆ ತಿಂಗಳಿಗೆ ಐದು ಸಾವಿರ ಮುಟ್ಟಲ್ಲ. ದಿನಕ್ಕೆ ಎಷ್ಟು ಬಿತ್ತು?"

"ಇನ್ನೂರರ ಒಳಗೆ."

"ನಮ್ಮ ಒಂದೆಕರೆ ಗದ್ದೆ ನಾಟಿಗೆ ಬಂದೈತೆ. ನಾನಿಲ್ಲಿ ಸಾಂಬಾರು ತಿರುವ್ತಾ ನಿಂತ್ರೆ ಅಲ್ಲಿ ನನ್ನ ಬದ್ಲಿ ಒಂದು ಆಳು ಬೇಕು. ಅದಕ್ಕೆ ನಾನೂರು ಕೂಲಿ, ಮೇಲೆ ಎಲೆ ಅಡಿಕೆ, ಚಾ. ಇನ್ನೂರು ದುಡಿಯಾಕೆ ಬಂದು ನಾನೂರು ಕಳಕಂತೀನಿ. ಇದು ಯಾವ ಸೀಮೆ ಲೆಕ್ಕ ಸಾರ್?"

ಇಪ್ಪತ್ತೆಂಟು ವರ್ಷ ಲಾಭ ನಷ್ಟದ ಪಾಠ ಮಾಡಿದ್ದ ಮೇಷ್ಟ್ರಿಗೆ ಇಂಥ ಲೆಕ್ಕ ಯಾವ ಪುಸ್ತಕದಲ್ಲೂ ಸಿಕ್ಕಿರಲಿಲ್ಲ.

"ಅದು ಸಂಬಳ ಅಲ್ಲ, ಗೌರವಧನ. ಸರ್ಕಾರದ್ದು. ನನ್ನ ಕೈಯಲ್ಲಿ ಏನಿದೆ ಹೇಳಿ?"

"ಆ ಗೌರವನ ಹನ್ನೊಂದು ವರ್ಷದಿಂದ ನೆನೆ ಹಾಕೀನಿ ಸಾರ್. ಇನ್ನೂ ಬೇಯವಲ್ದು."

ಹೇಳುವುದನ್ನು ಹೇಳಿ ಹೊರಗೆ ಬಂದಳೇನೋ ಸರಿ, ಗೇಟಿನ ಹತ್ತಿರ ಕಾಲು ತಾನಾಗಿ ನಿಧಾನವಾಯಿತು. ಬಿಡಬೇಕೆಂದು ಅವಳಿಗೂ ಆಸೆಯಿರಲಿಲ್ಲ. ಯಾವ ಮಗು ಬದನೆಕಾಯಿ ಎತ್ತಿಡುತ್ತದೆ, ಯಾವುದು ಮನೆಯಲ್ಲಿ ತಿಂಡಿ ತಿನ್ನದೆ ಬಂದಿದೆ ಎಂಬುದು ಅವಳ ಸೌಟಿಗೇ ಗೊತ್ತಿತ್ತು. ಆದರೆ ನಾಟಿ ತಪ್ಪಿದರೆ ವರ್ಷದ ಅಕ್ಕಿ ತಪ್ಪುತ್ತದೆ.

ಸೋಮವಾರ ಬೆಳಗ್ಗೆ ಸೀರೆ ಎತ್ತಿ ಕಟ್ಟಿ ಗದ್ದೆಗಿಳಿದಳು. ಅಂಬ್ಲಿಗೊಳ ಜಲಾಶಯದ ನೀರು ಬಂದು ಕೆಸರು ಹದವಾಗಿತ್ತು. ಗದ್ದೆ ಇದ್ದದ್ದು ಶಾಲೆಯ ಕಾಂಪೌಂಡಿನ ಹಿಂದೆಯೇ. ಕೈ ಸಸಿ ನೆಡುತ್ತಿತ್ತು, ಕಿವಿ ಮಾತ್ರ ಗೋಡೆಯ ಆಚೆಗಿತ್ತು. ಒಂದು ಗಂಟೆಗೆ ಕೇಳಬೇಕಾದ ತಟ್ಟೆಗಳ ಗಲಾಟೆ ಕೇಳಲಿಲ್ಲ. ಒಂದೂವರೆಗೆ ಏನೋ ಸೀದ ವಾಸನೆ ಬಂತು. ಎರಡಕ್ಕೆ ಊಟದ ಗಂಟೆ ಹೊಡೆಯಿತು. ಆಮೇಲೆ ಅರವತ್ತೊಂದು ಮಕ್ಕಳು ಒಟ್ಟಿಗೆ ನಲ್ಲಿಯ ಕಡೆ ಓಡಿದ ಸದ್ದು.

ಮೂರು ಗಂಟೆಗೆ ಮೇಷ್ಟ್ರು ಬದುವಿನ ಮೇಲೆ ಬಂದರು. ಒಂದು ಕೈಯಲ್ಲಿ ಬೂಟು, ಇನ್ನೊಂದರಲ್ಲಿ ಸ್ಟೀಲು ಡಬ್ಬಿ.

"ಇದನ್ನ ಸ್ವಲ್ಪ ನೋಡಿ."

ಹುಲಿಗೆಮ್ಮ ಕೈ ತೊಳೆದು, ಸಾಂಬಾರಿಗೆ ಬೆರಳದ್ದಿ ನಾಲಿಗೆಗೆ ಮುಟ್ಟಿಸಿದಳು. ಒಂದು ಕಣ್ಣು ತಾನಾಗಿ ಮುಚ್ಚಿಕೊಂಡಿತು.

"ಯಪ್ಪಾ. ಇದನ್ನ ಗದ್ದೆಗೆ ಮಾತ್ರ ಚೆಲ್ಲಬ್ಯಾಡ್ರಿ ಸಾರ್, ಸಸಿ ಸುಟ್ಟಾವು."

"ಲೆಕ್ಕ ಸರಿಯಾಗೇ ಇತ್ತು. ನಮ್ಮ ಮನೇಲಿ ನಾಲ್ಕು ಜನಕ್ಕೆ ಒಂದೂವರೆ ಚಮಚ ಉಪ್ಪು ಅಂತ ಹೆಂಡ್ತಿಗೆ ಫೋನ್ ಮಾಡಿ ಕೇಳ್ದೆ. ಅರವತ್ತೊಂದು ಮಕ್ಕಳಿಗೆ ಇಪ್ಪತ್ಮೂರು ಚಮಚ. ಶ್ರೀಲತಾ ಮಿಸ್ ಎರಡು ಸಲ ತಾಳೆ ನೋಡಿದ್ರು."

"ಯಾವ ಚಮಚದಾಗೆ ಅಳೆದ್ರಿ?"

"ಉಪ್ಪಿನ ಡಬ್ಬಿ ಪಕ್ಕದಲ್ಲೇ ಇತ್ತಲ್ಲ, ಅದ್ರಲ್ಲಿ."

"ಅದು ಪಲ್ಯ ಬಡಿಸೋ ಸೌಟು ಸಾರ್."

ಹುಲಿಗೆಮ್ಮ ನಕ್ಕು ನಕ್ಕು ಬದುವಿನ ಮೇಲೆ ಕುಳಿತೇಬಿಟ್ಟಳು. ಪಕ್ಕದ ಗದ್ದೆಯ ಆನಂದಪ್ಪನಿಗೂ ಕೇಳಿಸಿ ಅವನೂ ನಕ್ಕ. ಆಮೇಲೆ ಅವಳ ಮುಖದಲ್ಲಿ ನಗು ಇಳಿಯಿತು.

"ಮಕ್ಳು ಏನುಂಡ್ವು?"

"ಬರೀ ಅನ್ನ ಬೆಲ್ಲ. ಅರ್ಧ ಜನ ತಟ್ಟೆ ಹಾಗೇ ಬಿಟ್ರು." ಮೇಷ್ಟ್ರು ಬೂಟು ಕೆಳಗಿಟ್ಟರು. "ನೋಡಿ, ನನ್ನ ಜೇಬಿಂದ ತಿಂಗಳಿಗೆ ಎರಡು ಸಾವಿರ ಹಾಕ್ತೀನಿ. ನಾಳೆ ಬನ್ನಿ."

"ಬ್ಯಾಡ ಸಾರ್. ಅದು ದಾನ ಆತು. ನಿಮಗೆ ಟ್ರಾನ್ಸ್‌ಫರ್ ಆದ ದಿನ ಅದೂ ನಿಮ್ಮ ಜತೆ ಬಸ್ ಹತ್ತಿ ನಿಮ್ಮೂರು ಸೊರಬಕ್ಕೆ ಹೋಗ್ತೈತೆ."

ಆಚೆ ಆನಂದಪ್ಪನ ಗದ್ದೆಯಲ್ಲಿ ಮೂರು ಮನೆಯವರು ಸೇರಿ ನಾಟಿ ಮಾಡುತ್ತಿದ್ದರು. ಇವತ್ತು ನೀನು ನನ್ನ ಗದ್ದೆಗೆ, ನಾಳೆ ನಾನು ನಿನ್ನ ಗದ್ದೆಗೆ. ಅದಕ್ಕೆ ಮುಯ್ಯಾಳು ಅನ್ನುತ್ತಾರೆ. ದುಡ್ಡಿನ ಮಾತಿಲ್ಲ. ಮುದುಕಿ ಬಂದರೂ ಹರೆಯದವರು ಬಂದರೂ ದಿನಕ್ಕೆ ದಿನ ಸಮ. ಹುಲಿಗೆಮ್ಮ ಅವರನ್ನೇ ನೋಡುತ್ತ ಇದ್ದವಳು ಸೊಂಟದ ಮೇಲೆ ಕೈಯಿಟ್ಟು ಎದ್ದು ನಿಂತಳು.

"ಸಾರ್, ಅಡುಗೆಗೆ ನಾನು ಮುಯ್ಯಾಳಾಗಿ ಬರ್ತೀನಿ. ಉಣ್ಣೋ ಮಕ್ಕಳ ಮನೆಯೋರು ಮನೆಗೊಂದು ದಿನ ನನ್ನ ಗದ್ದೆಗೆ ತೀರಿಸ್ಲಿ. ನಾಟಿಗೆ ಹತ್ತು ಜನ, ಕಳೆಗೆ ಎಂಟು, ಕೊಯ್ಲಿಗೆ ಹತ್ತು. ಸರ್ಕಾರದ ದುಡ್ಡು ಕೂಲಿಗೆ ಹೋಗದೆ ನನ್ನ ಕೈಯಾಗೇ ಉಳೀತೈತೆ."

"ಸರಿ, ಇವತ್ತೇ ಪೋಷಕರನ್ನ ಕರೆಸ್ತೀನಿ."

"ನೀವೂ ಬರ್ಬೇಕು."

"ನಾನಾ? ನನ್ನ ಮಕ್ಕಳು ಇಲ್ಲಿ ಓದಲ್ವಲ್ಲ."

"ರುಚಿ ನೋಡಾದು ಅಂತ ದಿನಾ ಒಂದು ತಟ್ಟೆ ಬಾರಿಸ್ತೀರಲ್ಲ, ಅದನ್ನ ಯಾರು ತೀರಿಸ್ತಾರೆ?"

ಆನಂದಪ್ಪ ಆ ಕಡೆಯಿಂದಲೇ ಕೂಗಿ ಹೇಳಿದ: "ಒಪ್ಕಳ್ರಿ ಮೇಷ್ಟ್ರೇ, ನನ್ನ ಮೊಮ್ಮಗಂದು ತೀರಿಸಾಕೆ ನಾನು ಬರ್ತೀನಿ. ಆ ಸಾಂಬಾರು ಇನ್ನೊಂದಿನ ಮಾಡಿದ್ರೆ ಹುಡುಗ್ರು ಶಾಲೆ ಬಿಡ್ತಾವೆ."

ಸಂಜೆ ಪೋಷಕರೂ ಒಪ್ಪಿದರು. ಎಲ್ಲರಿಗೂ ಬಿಡುವಿರುವ ಭಾನುವಾರ ನಾಟಿ ಎಂದಾಯಿತು. ಅಲ್ಲಿಯ ತನಕ ಹುಲಿಗೆಮ್ಮ ಗದ್ದೆಯ ಉಳಿದ ಕೆಲಸ ಮುಗಿಸಿದಳು, ಪೋಷಕರೇ ಸರದಿಯ ಮೇಲೆ ಶಾಲೆಯ ಒಲೆ ನೋಡಿಕೊಂಡರು. ಎರಡೇ ದಿನಕ್ಕೆ ಅವರ ಬಾಯಲ್ಲೂ ಹುಲಿಗೆಮ್ಮನ ಹೆಸರೇ.

ಭಾನುವಾರ ಬೆಳಗ್ಗೆ ಗದ್ದೆಗೆ ಒಂಬತ್ತು ಜನ ಬಂದರು. ಹತ್ತನೆಯವರಾಗಿ ಸೊರಬದ ಮೊದಲ ಬಸ್ಸಿಗೆ ಮೇಷ್ಟ್ರು ಬಂದಿಳಿದರು. ಕೈಯಲ್ಲಿ ಹಗ್ಗ, ಸ್ಕೇಲು. ಸಾಲು ನೇರ ಬರಲೆಂದು ಹಗ್ಗ ಹಿಡಿದು, ಅಳತೆ ನೋಡಿ, ಒಂದೊಂದೇ ಸಸಿ ಊರುವಷ್ಟರಲ್ಲಿ ಪಕ್ಕದವರು ಆ ತುದಿ ಮುಟ್ಟಿ ತಿರುಗಿ ಬರುತ್ತಿದ್ದರು. ಹನ್ನೊಂದಕ್ಕೆ ಹಗ್ಗ ಕೆಸರಲ್ಲಿ ಕಳೆದುಹೋಯಿತು. ಹನ್ನೆರಡಕ್ಕೆ ಮೇಷ್ಟ್ರು ಬೆನ್ನು ನೆಟ್ಟಗೆ ಮಾಡಲು ಹೋಗಿ, ಆಗದೆ, ಬಗ್ಗಿಕೊಂಡೇ ನೀರು ಕೇಳಿದರು.

ಸಂಜೆ ಹೊತ್ತಿಗೆ ಉಳಿದವರು ಹನ್ನೆರಡು ಹನ್ನೆರಡು ಸಾಲು ಮುಗಿಸಿದ್ದರು. ಮೇಷ್ಟ್ರದು ಎರಡೂವರೆ.

"ಹುಲಿಗೆಮ್ಮ, ಇದನ್ನ ಒಂದು ದಿನ ಅಂತ ಹಿಡಿತೀಯೇನು?" ಆನಂದಪ್ಪ ಕೇಳಿದ. "ಕಾಲು ದಿನ ಅಷ್ಟೇ."

"ಇಡೀ ದಿನ," ಅಂದಳು ಹುಲಿಗೆಮ್ಮ. "ಬೆನ್ನು ಬಗ್ಗಿದ್ದು ಬೆಳಗಿಂದ ಅಲ್ವಾ? ನಾನು ಸರ್ಕಾರದ ಹಂಗೆ ಲೆಕ್ಕ ಹಾಕಲ್ಲ."

ಮೇಷ್ಟ್ರು ತಮ್ಮ ಎರಡೂವರೆ ಸಾಲನ್ನು ದಿಟ್ಟಿಸಿ ನೋಡಿದರು. "ನಾನಾಗಿದ್ರೆ ಇದಕ್ಕೆ ನೂರಕ್ಕೆ ಮೂವತ್ತೈದು ಹಾಕ್ತಿದ್ದೆ."

"ಪಾಸಾತಲ್ಲ ಸಾರ್. ಬರ್ರಿ, ಉಣ್ಣಾಕೆ ಕುಂದ್ರಿ."

ಕೂರಲು ಆಗದೆ ಮೇಷ್ಟ್ರು ನಿಂತೇ ಉಂಡರು, ಎರಡು ಸಲ ಹಾಕಿಸಿಕೊಂಡರು. ಕೈ ತೊಳೆದು ಜೇಬಿಗೆ ಕೈ ಹಾಕಿ, ಕೆಸರು ಮೆತ್ತಿದ ಅಡುಗೆಮನೆಯ ಬೀಗದ ಕೈ ತೆಗೆದು ಅವಳ ಮುಂದೆ ಹಿಡಿದರು.

ಹುಲಿಗೆಮ್ಮ ಅದನ್ನು ಸೆರಗಿನಲ್ಲಿ ಒರೆಸಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ನಾಳೆ ಬದನೆಕಾಯಿ," ಅಂದಳು. "ಉಪ್ಪು ನಾನೇ ಹಾಕ್ತೀನಿ."